ಜರಿ ಮೇಡಂ ಬಾವಿಯಿಂದ ತಂದ ಎಲೆ

ಮೇಡಂ ಹೋದರು ಅಂತ ನನಗೆ ಗೊತ್ತಾಗಿದ್ದು ಅವರು ಹೋಗಿ ಹದಿನೈದು ದಿನ ಆದ ಮೇಲೆ, ಅದೂ ಒಂದು ಮದುವೆಯ ಊಟದ ಸಾಲಿನಲ್ಲಿ. ಪಕ್ಕದಲ್ಲಿ ಕೂತಿದ್ದ ಹೆಂಗಸು ಹೊಸದುರ್ಗದ ಕಡೆಯವಳು. ನಾನು ಸೈನ್ಸ್ ಟೀಚರಾಗಿ ರಿಟೈರ್ ಆದವಳು ಅಂತ ತಿಳಿದು, "ನಮ್ಗೂ ಒಬ್ರು ಸೈನ್ಸ್ ಮೇಡಂ ಇದ್ರು ಕಣ್ರಿ. ಗೋಡೆ ಮ್ಯಾಲಿನ ಹಾವಸೆ ತೋರ್ಸಿ ಪಾಠ ಮಾಡೋರು. ಮೊನ್ನೆ ತೀರ್ಕಂಡ್ರಂತೆ" ಅಂದಳು. ಎತ್ತರಕ್ಕಿದ್ದರಾ ಅಂತ ಕೇಳಿದೆ. ಹೌದು ಅಂದಳು. ಕಾಲಿಗೆ ಗಂಡಸರ ಕ್ಯಾನ್ವಾಸ್ ಬೂಟು ಹಾಕುತ್ತಿದ್ದರಾ ಅಂದೆ. "ಅಯ್ಯೋ, ನಿಮ್ಗೆ ಗೊತ್ತಾ ಅವ್ರು!" ಅಂತ ನನ್ನ ಕಡೆ ಪೂರ್ತಿ ತಿರುಗಿದಳು. ಎಲೆಗೆ ಆಗಷ್ಟೇ ಹೋಳಿಗೆ ಬಿದ್ದಿತ್ತು. ಬಡಿಸುವವನು ತುಪ್ಪ ಹಿಡಿದು ನಿಂತು, ಬೇಕೋ ಬೇಡವೋ ಹೇಳ್ರಿ ತಾಯಿ ಅಂತ ಎರಡು ಸಲ ಕೇಳಿದನಂತೆ. ನನಗೆ ಕೇಳಿಸಲಿಲ್ಲ.

ಅವರ ಹೆಸರು ಇಲ್ಲಿ ಬರೆಯುವುದಿಲ್ಲ. ಹೆಸರಿನ ವಿಷಯದಲ್ಲಿ ಅವರದು ಒಂದು ವಿಚಿತ್ರ. ಗಿಡದ ಹೆಸರಿನಲ್ಲಿ ಒಂದು ಅಕ್ಷರ ತಪ್ಪಿದರೂ ರೆಕಾರ್ಡ್ ಪುಸ್ತಕ ಮುಖಕ್ಕೆ ವಾಪಸ್ಸು ಬರುತ್ತಿತ್ತು. ಆದರೆ ಹಾಜರಿ ರಿಜಿಸ್ಟರಿನಲ್ಲಿ ಗುಮಾಸ್ತ ಅವರ ಹೆಸರನ್ನೇ ತಪ್ಪಾಗಿ ಬರೆದಿದ್ದ. ಅದರ ಮುಂದೆ ವರ್ಷವಿಡೀ ಸುಮ್ಮನೆ ಸಹಿ ಹಾಕಿದರು. ಯಾಕೆ ಮೇಡಂ ಅಂದರೆ, "ನನ್ನ ನೋಡಿದ್ರೆ ಗುರ್ತು ಸಿಗುತ್ತಲ್ಲ, ಗಿಡಕ್ಕೆ ಹಂಗಲ್ಲ" ಅನ್ನುತ್ತಿದ್ದರು.

ಚಿತ್ರದುರ್ಗದ ಕಾಲೇಜಿನಲ್ಲಿ ಎಲ್ಲರಿಗೂ ಅವರು ಜರಿ ಮೇಡಂ. ಬಾಟನಿಯಲ್ಲಿ ಡೆಮಾನ್‌ಸ್ಟ್ರೇಟರ್ ಆಗಿದ್ದರು. ಅಂದರೆ ಪ್ರಾಕ್ಟಿಕಲ್ ಮಾಡಿಸುವವರು. ಅದೂ ಟೆಂಪರವರಿ, ವರ್ಷ ವರ್ಷ ಹೊಸ ಆರ್ಡರು ಬರಬೇಕು. ಹೂ ಬಿಡದ, ಕಾಯಿ ಕಟ್ಟದ, ಬೀಜವೇ ಇಲ್ಲದ ಗಿಡಗಳೆಂದರೆ ಅವರಿಗೆ ಜೀವ. ಅವುಗಳಲ್ಲೂ ಜರಿಗಿಡ. ಬಂಡೆ ಸಂದಿಯಲ್ಲಿ, ಬಾವಿ ಗೋಡೆಯಲ್ಲಿ, ಗರಿಯ ಹಾಗೆ ಸೀಳು ಸೀಳಾದ ಎಲೆ ಬಿಟ್ಟುಕೊಂಡು ಬೆಳೆಯುತ್ತದಲ್ಲ, ಅದು. ಹುಡುಗರಿಗೆ ಆ ಹೆಸರಿನಲ್ಲಿ ಬೇರೆ ರುಚಿ. ಜರಿ ಅಂದರೆ ನೂರು ಕಾಲಿನ ಹುಳ, ಜರಿಯುವುದು ಅಂದರೆ ಬೈಯುವುದು. ಎರಡೂ ನಮ್ಮ ಮೇಡಮ್ಮಿಗೆ ಒಪ್ಪುತ್ತೆ ಅಂತ ನಗುತ್ತಿದ್ದರು. ನಮ್ಮವ್ವನಿಗಂತೂ ಜರಿ ಅಂದರೆ ಸೀರೆಯ ಅಂಚು. ಮಗಳು ದುರ್ಗದಲ್ಲಿ ಏನು ಓದುತ್ತಾಳೆ ಅಂತ ಯಾರಾದರೂ ಕೇಳಿದರೆ "ಜರಿ ವಿಚಾರ ಓದ್ತಾಳಂತೆ" ಅನ್ನುತ್ತಿದ್ದಳು. ನಾನು ಸೀರೆ ಅಂಗಡಿ ಇಡುತ್ತೇನೆ ಅಂತ ಹಟ್ಟಿಯಲ್ಲಿ ಕೆಲವರು ನಂಬಿದ್ದರು.

ನಮ್ಮದು ಹಿರಿಯೂರು ತಾಲ್ಲೂಕು, ಮಾರಿಕಣಿವೆಯಿಂದ ಆಚೆ ಗುಡ್ಡದ ಮಗ್ಗುಲಿನ ಕುರಿ ಹಟ್ಟಿ. ಮೂವತ್ತು ಮನೆ. ಆ ಮೂವತ್ತು ಮನೆಯಲ್ಲಿ ಮೊದಲು ಡಿಗ್ರಿ ಮುಗಿಸಿದ್ದು ನಾನು. ಗಂಡಸರನ್ನೂ ಸೇರಿಸಿ ಹೇಳುತ್ತಿದ್ದೇನೆ. ಇದನ್ನು ಹೇಳಿಕೊಳ್ಳಲು ನನಗೆ ನಾಚಿಕೆ ಇಲ್ಲ. ನಾಲ್ಕು ಮೈಲಿ ನಡೆದು ಮಿಡ್ಲ್ ಸ್ಕೂಲು, ಹಿರಿಯೂರಿನ ಹಾಸ್ಟೆಲಿನಲ್ಲಿ ಹೈಸ್ಕೂಲು, ಆಮೇಲೆ ದುರ್ಗದಲ್ಲಿ ಸೋದರತ್ತೆಯ ಮನೆಯ ಕಟ್ಟಿಗೆ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಪಿ.ಯು.ಸಿ.ಯೂ ಬಿ.ಎಸ್ಸಿ.ಯೂ. ಯಾರೂ ಕೈ ಹಿಡಿದು ಕೂರಿಸಲಿಲ್ಲ. ಹಾಗೆ ಕೂರಿಸಿದವರು ಅಂತ ಲೆಕ್ಕ ಮಾಡಿದರೆ ಒಬ್ಬರೇ, ಇವರು.

ಎಪ್ಪತ್ನಾಲ್ಕರಲ್ಲಿ ನಾನು ಡಿಗ್ರಿ ಮೊದಲ ವರ್ಷ. ಲೆಕ್ಚರರು ಯಾರೋ ರಜೆ ಹಾಕಿದ್ದರು ಅಂತ ಮೇಡಂ ಕ್ಲಾಸಿಗೆ ಬಂದರು. ಕೈಯಲ್ಲಿ ಒಂದು ಜರಿಗಿಡ, ಬೇರಿಗೆ ಮಣ್ಣು ಇನ್ನೂ ಅಂಟಿಕೊಂಡಿತ್ತು. ಮೇಜಿನ ಮೇಲೆ ಇಟ್ಟು, "ಹೂವಿಲ್ಲ, ಕಾಯಿಲ್ಲ, ಬೀಜ ಇಲ್ಲ. ಹಂಗಾದ್ರೆ ಇದು ಹೆಂಗ್ ಹುಟ್ತು? ಹೇಳ್ರಿ ನೋಡಾಣ" ಅಂದರು. ಗಿಡಕ್ಕಿಂತ ನನಗೆ ಆಶ್ಚರ್ಯವಾಗಿದ್ದು ಅವರ ಮಾತು. ಬೇರೆ ಲೆಕ್ಚರರೆಲ್ಲ ಇಂಗ್ಲಿಷು, ಇಲ್ಲದಿದ್ದರೆ ಪುಸ್ತಕದ ಕನ್ನಡ. ನಾನು ಐತೆ, ಅವೆ ಅಂದರೆ ಹುಡುಗಿಯರು ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದರು. ಅದಕ್ಕೇ ಮೂರು ತಿಂಗಳಿಂದ ಬಾಯಿ ಬಿಟ್ಟಿರಲಿಲ್ಲ. ಎಂ.ಎಸ್ಸಿ. ಓದಿದ ಹೆಂಗಸು ನಮ್ಮ ಹಾಗೇ ಮಾತಾಡುವುದನ್ನು ಕೇಳಿ ಧೈರ್ಯ ಬಂತು. ಎದ್ದು ನಿಂತೆ.

"ಮಳೆಗೆ ಹುಟ್ತು ಮೇಡಂ."

ಇಡೀ ಕ್ಲಾಸು ಗೊಳ್ ಅಂತು. ಹಿಂದಿನ ಬೆಂಚಿನಿಂದ ಒಬ್ಬ "ಇವಳೂ ಮಳೆಗೇ ಹುಟ್ಟಿರ್ಬೇಕು ಬಿಡ್ರಿ ಮೇಡಂ" ಅಂದ.

ಮೇಡಂ ನಗಲಿಲ್ಲ. "ಲೇ, ಅವಳು ಅರ್ಧ ಸರಿ ಹೇಳಿದಾಳೆ. ನಿನ್ನ ಅರ್ಧ ಎಲ್ಲೈತೆ, ತಗಂಡು ಬಾ" ಅಂದರು ಅವನಿಗೆ. ಆಮೇಲೆ ವಿವರಿಸಿದರು. ಇದರ ಗಂಡು ಕಣ ಹೆಣ್ಣು ಕಣದ ಹತ್ತಿರ ಈಜಿಕೊಂಡೇ ಹೋಗಬೇಕು. ಒಂದು ಹನಿ ನೀರು ಇಲ್ಲದಿದ್ದರೆ ವಂಶವೇ ಇಲ್ಲ. ಉಳಿದ ಅರ್ಧ ಏನು ಅಂತ ಅವತ್ತು ಹೇಳಲಿಲ್ಲ, ಗಂಟೆ ಹೊಡೆಯಿತು. ಆ ಉಳಿದ ಅರ್ಧ ನನಗೆ ಅವತ್ತೇ ಗೊತ್ತಿದ್ದಿದ್ದರೆ ಈ ಬರಹವೇ ಇರುತ್ತಿರಲಿಲ್ಲ.

ನೋಡಲು ಮೇಡಂ ಬಿದಿರಿನ ಗಳದ ಹಾಗೆ. ಕೈಮಗ್ಗದ ಸೀರೆ, ಗುಡ್ಡ ಹತ್ತುವಾಗ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸುವುದು, ಕಾಲಿಗೆ ಆ ಬೂಟು. ಕೊರಳಲ್ಲಿ ಕರಿ ದಾರಕ್ಕೆ ಒಂದು ಪುಟ್ಟ ಭೂತಗನ್ನಡಿ ತೂಗುತ್ತಿತ್ತು. ಮೂವತ್ತು ದಾಟಿದ್ದರೂ ಮದುವೆ ಆಗಿರಲಿಲ್ಲವಾದ್ದರಿಂದ ಅದೂ ಜನರ ಬಾಯಿಗೆ ಒಂದು ವಸ್ತು. ಮನೆಗೆ ಬಂದಾಗ ನಮ್ಮ ಸೋದರತ್ತೆ ಒಂದು ದಿನ ಎದುರಿಗೇ ಕೇಳಿಬಿಟ್ಟಳು: "ಅಲ್ಲ ಮೇಡಮ್ಮ, ತಾಳಿ ಜಾಗದಾಗೆ ಅದೆಂಥದು ಗಾಜು ನೇತಾಕ್ಕಂಡಿದೀರಿ?" ಮೇಡಂ ದಾರ ತೆಗೆದು ಅತ್ತೆಯ ಕೈಗೆ ಕೊಟ್ಟರು. ಅಂಗಳದ ಕಲ್ಲಿನ ಮೇಲಿದ್ದ ಹಾವಸೆ ತೋರಿಸಿ ಬಗ್ಗಿ ನೋಡಲು ಹೇಳಿದರು. ಅತ್ತೆ ಬಗ್ಗಿದವಳು ಏಳಲೇ ಇಲ್ಲ. "ಅಯ್ಯಯ್ಯೋ, ಇಲ್ಲೊಂದು ಕಾಡೇ ಐತಲ್ಲೇ!" ಅಂತ ಕೂಗಿದಳು. ಅವತ್ತಿನಿಂದ ಆ ಕಲ್ಲಿನ ಮೇಲೆ ಪಾತ್ರೆ ಉಜ್ಜಿದ ನೀರು ಚೆಲ್ಲಲು ಬಿಡುತ್ತಿರಲಿಲ್ಲ.

ಭಾನುವಾರ ಮೇಡಂ ನಮ್ಮಲ್ಲಿ ಮೂರು ನಾಲ್ಕು ಹುಡುಗಿಯರನ್ನು ಕರೆದುಕೊಂಡು ಜೋಗಿಮಟ್ಟಿ ಕಡೆಗೋ ಕೋಟೆಯ ಹಿಂದಿನ ಬಂಡೆಗಳ ಕಡೆಗೋ ಹೊರಡುತ್ತಿದ್ದರು. ದುರ್ಗದ ಬಂಡೆ ಸುಡುತ್ತದೆ, ಅಲ್ಲೇನು ಬೆಳೆಯುತ್ತೆ ಅಂತ ಎಲ್ಲರೂ ಅನ್ನುವುದು. ಮೇಡಂ ಬಂಡೆಯ ಬಿಸಿಲು ಬೀಳದ ಮಗ್ಗುಲಿಗೆ ಹೋಗಿ ಮಂಡಿಯೂರಿ ಕೂರುತ್ತಿದ್ದರು. ನವಿಲಿನ ಜುಟ್ಟಿನಂಥ ಪುಟ್ಟ ಜರಿ, ಮುದುರಿಕೊಂಡು ಸತ್ತ ಹಾಗೆ ಬಿದ್ದಿರುವ ಸಂಜೀವಿನಿ, ಎಲ್ಲ ಅಲ್ಲೇ ಇರುತ್ತಿತ್ತು. ಒಂದು ಜರಿಯ ಬೆನ್ನಿಗೆ ಬೆಳ್ಳಗೆ ಹಿಟ್ಟು ಇರುತ್ತದೆ. ಅದನ್ನು ಕಂಡ ಕೂಡಲೇ ನಾನು ಕಿತ್ತು ಮೊಣಕೈಗೆ ಪಟ್ ಅಂತ ಹೊಡೆದುಕೊಂಡೆ. ಎಲೆಯ ಅಚ್ಚು ಬೆಳ್ಳಗೆ ಮೂಡಿತು. ಕುರಿ ಕಾಯುವಾಗ ನಾವು ಮಾಡುತ್ತಿದ್ದ ಆಟ ಅದು.

"ಇದು ಎಲ್ಲಿ ನೋಡಿದ್ದೆ?" ಅಂದರು.

"ನಮ್ ಹಟ್ಟಿ ಹಿಂದೆ ಬೇಕಾದಷ್ಟು ಅವೆ ಮೇಡಂ. ಇದಲ್ದೆ ಇನ್ನೂ ಆರೇಳು ಥರ ಅವೆ."

"ಹೆಸರು?"

"ಹೆಸ್ರು ಇಲ್ಲ. ಕುರಿ ತಿನ್ನೋವು, ಕುರಿ ತಿನ್ನದವು, ಅಷ್ಟೇ."

ಮೇಡಂ ಅದನ್ನು ನೋಟ್ ಪುಸ್ತಕದಲ್ಲಿ ಬರೆದುಕೊಂಡರು. ನಾನು ಹೇಳಿದ ಮಾತನ್ನು ಒಬ್ಬರು ಓದಿದವರು ಬರೆದುಕೊಂಡಿದ್ದು ಅದೇ ಮೊದಲು. ಮುಂದಿನ ಸಲ ಊರಿಗೆ ಹೋದಾಗ ಕುರಿ ತಿನ್ನುವವು ಒಂದು ಕಟ್ಟು, ತಿನ್ನದವು ಒಂದು ಕಟ್ಟು ಮಾಡಿ, ಒದ್ದೆ ಗೋಣಿಯಲ್ಲಿ ಸುತ್ತಿ ತಂದುಕೊಟ್ಟೆ. ಒಂದು ಎಲೆಯೂ ಬಾಡಿರಲಿಲ್ಲ. "ಕೈ ಒಳ್ಳೇದೈತೆ ಕಣೇ ನಿಂದು" ಅಂದರು. ಆ ಕೈ ಮೇಲಿನ ನಂಬಿಕೆಯೇ ಮುಂದೆ ಅವರಿಗೆ ಮುಳುವಾಯಿತು.

ಮೇಡಂ ಹೊಳಲ್ಕೆರೆಯವರು. ಅಪ್ಪ ಅಡಿಕೆ ಮಂಡಿಯಲ್ಲಿ ಗುಮಾಸ್ತರಾಗಿದ್ದವರು. ಊರಿಗೆ ಹೋದಾಗಲೆಲ್ಲ ಸುಮ್ಮನಿರದೆ ಬಾವಿ ಬಾವಿ ಇಣುಕುವುದು ಅವರ ಚಾಳಿ. ಹೊಸದುರ್ಗದ ರಸ್ತೆಯಲ್ಲಿ, ಬಸ್ಸಿಳಿದು ಎರಡು ಮೈಲಿ ಒಳಗೆ ನಡೆದರೆ, ಒಬ್ಬ ರೈತರ ಹೊಲದಲ್ಲಿ ಹಳೇ ಕಾಲದ ಮೆಟ್ಟಿಲು ಬಾವಿ ಇತ್ತು. ಅದರ ಗೋಡೆಯಲ್ಲಿ, ನೀರಿಗೆ ನಾಲ್ಕು ಮೆಟ್ಟಿಲು ಮೇಲೆ, ಅವರಿಗೆ ಒಂದು ಜರಿಗಿಡ ಸಿಕ್ಕಿತು. ಎಲೆ ಉದ್ದಕ್ಕೆ, ತೊಗಲಿನ ಹಾಗೆ ದಪ್ಪ. ಅಂಥದು ಘಟ್ಟದ ಮಳೆ ಕಾಡಿನಲ್ಲಿ ಮಾತ್ರ ಇರುತ್ತೆ, ನಮ್ಮ ಬಯಲು ಸೀಮೆಯಲ್ಲಿ ಇದನ್ನು ಯಾರೂ ಕಂಡಿಲ್ಲ ಅಂತ ಅವರ ಲೆಕ್ಕ. ಯೂನಿವರ್ಸಿಟಿಯಲ್ಲಿ ಜರಿಗಿಡದ ಮೇಲೆ ಕೆಲಸ ಮಾಡುವ ದೊಡ್ಡ ಪ್ರೊಫೆಸರರೊಬ್ಬರಿದ್ದರು. ಅವರಿಗೆ ಕಾಗದ ಬರೆದರು. ಉತ್ತರ ಬಂತು: ಎಲೆಯ ಬೆನ್ನಿನಲ್ಲಿ ಕಾವು ಬಂದಾಗ ಒಣಗಿಸಿ ಕಳಿಸಿರಿ, ನೀವು ಹೇಳಿದ ಗಿಡವೇ ಆದರೆ ಈ ವರ್ಷದ ಸಂಶೋಧನೆಯ ಸೀಟಿಗೆ ನಿಮ್ಮ ಹೆಸರನ್ನೇ ಹೇಳುತ್ತೇನೆ ಅಂತ.

ಕಾವು ಬರುವುದು ಅಂದರೇನು ಅಂತ ನಾನು ಕೇಳಲಿಲ್ಲ. ಮೊದಲ ವರ್ಷದಲ್ಲಿ ಪಾಚಿ, ಅಣಬೆ, ಹಾವಸೆ ಮುಗಿದ ಮೇಲೆ ಕೊನೆಗೆ ಜರಿಗಿಡದ ಪಾಠ. ನಾವಿನ್ನೂ ಅಣಬೆಯಲ್ಲಿದ್ದೆವು. ಆ ಸೀಟು ಮೇಡಮ್ಮಿಗೆ ಎಷ್ಟು ಬೇಕು ಅನ್ನುವುದು ಮಾತ್ರ ನನಗೂ ಗೊತ್ತಿತ್ತು. ಎಂ.ಎಸ್ಸಿ.ಯಲ್ಲಿ ಸೆಕೆಂಡ್ ಕ್ಲಾಸು, ಪಿಎಚ್.ಡಿ. ಮಾಡದಿದ್ದರೆ ಲೆಕ್ಚರರ್ ಕೆಲಸ ಇಲ್ಲ, ಜೀವನವೆಲ್ಲ ಟೆಂಪರವರಿ. "ಆ ಎಲೇನೇ ನನ್ನ ಅರ್ಜಿ ಕಣೇ" ಅನ್ನುತ್ತಿದ್ದರು.

ದೀಪಾವಳಿ ಆದ ಮೇಲೆ ಬಾವಿಗೆ ಹೋಗಿ ತಂದರು. ಎರಡೇ ಎರಡು ಎಲೆ. ಉಳಿದವು ಇನ್ನೂ ಎಳೆಯವು, ಗಿಡ ಬದುಕಲಿ ಅಂತ ಬಿಟ್ಟು ಬಂದಿದ್ದರು. ಹಲಗೆಗಳ ನಡುವೆ ಹಳೇ ಪೇಪರು ಹಾಕಿ ಎಲೆ ಇಟ್ಟು ಬೆಲ್ಟು ಬಿಗಿದರು. ದಿನಾ ಪೇಪರು ಬದಲಾಯಿಸಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತೆ. ಮಾರನೇ ದಿನವೇ ಹೊಳಲ್ಕೆರೆಯಿಂದ ಕರೆ ಬಂತು. ಅಪ್ಪನಿಗೆ ಲಕ್ವ ಹೊಡೆದಿತ್ತು. ಹೊರಡುವ ಗಡಿಬಿಡಿಯಲ್ಲಿ ಮೇಡಂ ಆ ಹಲಗೆ ಕಟ್ಟನ್ನು ನನ್ನ ಕೈಗೆ ಕೊಟ್ಟು, "ಮೂರು ದಿವ್ಸ ನೀನು ನೋಡ್ಕ. ಪೇಪರು ಬದಲಾಯ್ಸು. ಹುಳ ಗಿಳ ಬಿದ್ರೆ ಮಾತ್ರ ಹುಷಾರು, ಒಂದು ಹುಳ ಸಾಕು ಎಲ್ಲಾ ತಿಂದಾಕಕ್ಕೆ" ಅಂದು ಬಸ್ ಸ್ಟ್ಯಾಂಡಿಗೆ ಓಡಿದರು.

ಮೊದಲ ದಿನ ಸಂಜೆ ಅತ್ತೆಯ ಮನೆಯ ಪಡಸಾಲೆಯಲ್ಲಿ ಕಟ್ಟು ಬಿಚ್ಚಿದೆ. ಎಲೆ ಮಗುಚಿ ನೋಡಿದೆ. ಬೆನ್ನಿನ ತುಂಬ ನಡುನರದ ಆಚೆ ಈಚೆ ಸಾಲಾಗಿ ಕಂದು ಬಣ್ಣದ ದುಂಡು ದುಂಡು ಗಂಟು. ಉಬ್ಬಿಕೊಂಡು ಕೂತಿದ್ದವು. ಉಣ್ಣಿ! ಕುರಿಯ ಕಿವಿಯೊಳಗೆ, ಕಾಲಿನ ಸಂದಿಯಲ್ಲಿ ಕಚ್ಚಿ ಹಿಡಿದು ರಕ್ತ ಕುಡಿದು ಊದಿಕೊಳ್ಳುವ ಹುಳ ಅದು. ನಾನು ಕಂಡ ಯಾವ ಜರಿಗಿಡದಲ್ಲೂ ಅಂಥದು ನೋಡಿರಲಿಲ್ಲ. ಗಿಡಕ್ಕೂ ಉಣ್ಣಿ ಬೀಳುತ್ತೆ ಅನ್ನುವುದು ಹೊಸ ವಿಷಯ, ಆದರೆ ಉಣ್ಣಿ ತೆಗೆಯುವುದು ನನಗೆ ಹೊಸದಲ್ಲ. ನಮ್ಮ ಹಟ್ಟಿಯಲ್ಲಿ ಆ ಕೆಲಸಕ್ಕೆ ನನ್ನನ್ನೇ ಕರೆಯುತ್ತಿದ್ದರು. ಮರಿಗೆ ನೋವಾಗದ ಹಾಗೆ, ಕಿವಿ ಹರಿಯದ ಹಾಗೆ ಉಗುರಿನ ತುದಿಯಲ್ಲಿ ಎತ್ತುತ್ತಿದ್ದೆ.

ಬುಡ್ಡಿ ದೀಪವನ್ನು ಹತ್ತಿರಕ್ಕೆ ಎಳೆದುಕೊಂಡು ಕೂತೆ. ಒಂದೊಂದೇ ಎತ್ತಿದೆ. ಎಲೆ ಎಲ್ಲೂ ಹರಿಯಲಿಲ್ಲ. ಆಮೇಲೆ ಸೀಮೆಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಎರಡು ಸಲ ಒರೆಸಿದೆ. ಅತ್ತೆ ಬಂದು ನೋಡಿ "ಏನ್ ನೀಟಾಗಿ ಮಾಡಿದೀಯೇ" ಅಂದಳು.

ಸೋಮವಾರ ಮೇಡಂ ಬಂದ ಕೂಡಲೇ ಲ್ಯಾಬಿಗೆ ಓಡಿದೆ.

"ಮೇಡಂ, ಎಲೆಗೆ ಉಣ್ಣಿ ಬಿದ್ದಿದ್ವು. ಎಲ್ಲಾ ತೆಗೆದ್ಬಿಟ್ಟೆ. ಒಂದೂ ಬಿಟ್ಟಿಲ್ಲ ನೋಡ್ರಿ!"

ಕಟ್ಟು ಬಿಚ್ಚಿ ಎಲೆ ಮಗುಚಿದರು. ಇನ್ನೊಂದನ್ನೂ ಮಗುಚಿದರು. ಸ್ಟೂಲ್ ಎಳೆದುಕೊಂಡು ಕೂತರು. ತೀರಾ ಮೆತ್ತಗೆ ಕೇಳಿದರು: "ತೆಗ್ದು ಏನ್ ಮಾಡ್ದೆ?"

"ಒಲೆಗೆ ಹಾಕ್ದೆ ಮೇಡಂ. ಹೊಸಕಬಾರ್ದು. ಹೊಸಕಿದ್ರೆ ಒಂದು ನೂರಾಗ್ತವೆ."

ಮೇಡಂ ನಗಲು ಶುರು ಮಾಡಿದರು. ಹೊಟ್ಟೆ ಹಿಡಿದುಕೊಂಡು ನಕ್ಕರು. "ಅದೇ ಬೇಕಾಗಿತ್ತು ಕಣೇ! ಒಂದು ನೂರಾಗೋದೇ ಬೇಕಾಗಿತ್ತು" ಅಂತ ನಗುತ್ತಾ ನಗುತ್ತಾ ಎದ್ದು ಕಿಟಕಿ ಕಡೆ ಹೋಗಿ ನಿಂತರು. ನಾನೂ ನಕ್ಕೆ. ದೇವರಾಣೆಗೂ, ನಾನು ಅವರ ಜೊತೆ ನಕ್ಕೆ. ಅವರ ಬೆನ್ನು ನನ್ನ ಕಡೆ ಇತ್ತು, ಮುಖ ಕಾಣುತ್ತಿರಲಿಲ್ಲ.

ಆಮೇಲೆ ಬಂದು ಮೈಕ್ರೋಸ್ಕೋಪು ಹಾಕಿದರು. ಎಲೆಯ ಬುಡದಲ್ಲಿ ನನ್ನ ಉಗುರಿಗೆ ಸಿಗದೆ ಉಳಿದ ಒಂದು ಚೂರನ್ನು ಸೂಜಿಯಲ್ಲಿ ಎತ್ತಿ ಗಾಜಿನ ಮೇಲಿಟ್ಟು ನನ್ನನ್ನು ನೋಡಲು ಹೇಳಿದರು. ಪುಟ್ಟ ಪುಟ್ಟ ಚೀಲಗಳು, ಒಂದೊಂದರ ಬೆನ್ನಿಗೂ ದಪ್ಪನೆಯ ಪಟ್ಟಿ. "ಆ ಪಟ್ಟಿ ಒಣಗ್ತಾ ಹಿಂದಕ್ಕೆ ಬಾಗುತ್ತೆ. ಬಾಗಿ ಬಾಗಿ ಒಂದೇ ಏಟಿಗೆ ಮುಂದಕ್ಕೆ ಚಿಮ್ಮುತ್ತೆ. ನಿಮ್ಮಪ್ಪ ತೋಳ ಓಡ್ಸಾಕೆ ಬೀಸ್ತಾನಲ್ಲ, ಕವಣೆ, ಹಂಗೆ. ಒಳಗಿರೋ ಪುಡಿ ಗಾಳಿಗೆ ಹಾರುತ್ತೆ. ಆ ಪುಡೀನೇ ಇದಕ್ಕೆ ಬೀಜದ ಜಾಗದಾಗೆ ಇರೋದು. ನೀನು ಕಿತ್ತ ಗಂಟಿಗೇ ಕಾವು ಅನ್ನೋದು." ಅವರು ಹೇಳುತ್ತಿದ್ದಂತೆಯೇ ದೀಪದ ಶಾಖಕ್ಕೆ ಒಂದು ಚೀಲ ಪಟಕ್ಕನೆ ಚಿಮ್ಮಿತು. ನನ್ನ ಕಣ್ಣ ಮುಂದೆಯೇ. ಮಳೆಯ ಜೊತೆಗಿನ ಉಳಿದ ಅರ್ಧ ಅದು ಅಂತ ಆಗ ಅರ್ಥ ಆಯಿತು. ನಾನು ಏನು ಮಾಡಿದ್ದೆ ಅನ್ನುವುದೂ. ಕಾವು, ಅರ್ಜಿ, ಸೀಟು ಎಲ್ಲ ಅತ್ತೆಯ ಒಲೆಗೆ ಹೋಗಿತ್ತು.

ನಾನು ಅತ್ತುಬಿಟ್ಟೆ. ಮೇಡಂ ನನಗೆ ಬೈಯಲಿಲ್ಲ ಅಂದರೆ ಯಾರೂ ನಂಬುವುದಿಲ್ಲ. "ಹುಳ ಅಂದೋಳು ನಾನು. ಯಾವ್ದು ಹುಳ ಅಂತ ಹೇಳಿಕೊಡ್ದೆ ಹೋದೋಳೂ ನಾನೇ" ಅಂದರು, ಅಷ್ಟೇ. ಬೋಳಾದ ಎಲೆಯನ್ನೇ ಕಾಗದ ಬರೆದು ಪ್ರೊಫೆಸರರಿಗೆ ಕಳಿಸಿದರು. ಕಾವಿಲ್ಲದೆ ನಿಶ್ಚಯ ಹೇಳಲಾಗದು ಅಂತ ಎರಡು ಸಾಲಿನ ಉತ್ತರ ಬಂತು. ಸೀಟು ಆ ವರ್ಷ ಬೇರೆ ಯಾರಿಗೋ ಹೋಯಿತು.

ಮುಂದಿನ ವರ್ಷ ಐತಲ್ಲ ಅಂದರು. ಆ ಒಂದು ವರ್ಷ ನಾನು ಕಾದ ಹಾಗೆ ಯಾವ ಪರೀಕ್ಷೆಯ ರಿಸಲ್ಟಿಗೂ ಕಾದಿಲ್ಲ. ಮಳೆ ಚೆನ್ನಾಗಿ ಆಯಿತು. ದೀಪಾವಳಿ ಮುಗಿದ ವಾರ ಇಬ್ಬರೂ ಹೊರಟೆವು. ಹೊಳಲ್ಕೆರೆಯಲ್ಲಿ ಬಸ್ಸು ಬದಲಾಯಿಸಿದೆವು. "ಹೋಗಾಣ ನಡಿ, ಈ ಸಲ ನೀನೇ ಕೀಳ್ಬೇಕು" ಅಂತ ತಮಾಷೆ ಮಾಡುತ್ತಾ ಹೊಲದ ಬದುವಿನಲ್ಲಿ ನನಗಿಂತ ಮುಂದೆ ಮುಂದೆ ನಡೆಯುತ್ತಿದ್ದರು. ಹೊಲದ ಯಜಮಾನರು ಬಾವಿಯ ಹತ್ತಿರವೇ ಇದ್ದರು. ಹಣೆಗೆ ವಿಭೂತಿ, ಹೆಗಲಿಗೆ ಟವಲು. ನಮ್ಮನ್ನು ಕಂಡು ಮುಖ ಅಗಲಿಸಿ ಎದ್ದರು.

"ಬರ್ರಿ ಮೇಡಮ್ಮಾರೆ, ಬರ್ರಿ! ಹೋದ್ ವರ್ಷ ನೀವು ಮೆಟ್ಲಿಳಿಯೋದು ನೋಡಿ ನನ್ಗೆ ಜೀವ ಹಾರಿಹೋಗಿತ್ತು. ಹೆಣ್ಮಕ್ಳು, ಜಾರಿ ಬಿದ್ರೆ ಏನ್ ಗತಿ? ಅದ್ಕೇ ಆ ಹಾವಸೆ, ಗಿಡ ಗಂಟಿ ಎಲ್ಲಾ ಕೆರೆಸ್ಬಿಟ್ಟು ಗೋಡೆಗೆ ಸುಣ್ಣ ಹೊಡ್ಸಿದೀನಿ. ಇಳೀರಿ, ಈಗ ಎಷ್ಟು ಬೇಕಾದ್ರೂ ಇಳೀರಿ!"

ಬಾವಿ ಮದುವೆ ಮನೆಯ ಹಾಗೆ ಬೆಳ್ಳಗಿತ್ತು.

ನಾನು ಮೇಡಂ ಮುಖ ನೋಡಲಿಲ್ಲ, ನೋಡುವ ಧೈರ್ಯ ಇರಲಿಲ್ಲ. ಅವರು ಒಂದೊಂದೇ ಮೆಟ್ಟಿಲು ಇಳಿದರು. ನೀರಿನ ಹತ್ತಿರ ನಿಂತು ಗೋಡೆಯನ್ನು ಅಂಗೈಯಿಂದ ಸವರಿದರು. ಕೈಗೆ ಸುಣ್ಣ ಹತ್ತಿತು. ಮೇಲೆ ಬಂದು "ಭಾಳ ಅನುಕೂಲ ಆಯ್ತು ಯಜಮಾನ್ರೆ" ಅಂದರು. ಅವರ ಮನೆಯಾಕೆ ಕೊಟ್ಟ ಮಜ್ಜಿಗೆ ಕುಡಿದರು, ಇನ್ನೊಂದು ಲೋಟ ಕೇಳಿ ಕುಡಿದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಅತ್ತುಬಿಟ್ಟೆ. "ಸುಮ್ನಿರೇ, ಆಯಪ್ಪ ಬಂಗಾರದಂಥ ಮನುಷ್ಯ" ಅಂದರು. ಒಂದು ಮೈಲಿ ಆದ ಮೇಲೆ, "ನೀನೂನೂ" ಅಂದರು.

ಮುಂದಿನ ವರ್ಷ ಅವರ ಟೆಂಪರವರಿ ಆರ್ಡರು ಬರಲಿಲ್ಲ. ಅಪ್ಪ ಹಾಸಿಗೆ ಹಿಡಿದಿದ್ದರು. ಹೊಸದುರ್ಗ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಸೈನ್ಸ್ ಟೀಚರಾಗಿ ಸೇರಿಕೊಂಡರು. ಹೋಗುವ ಮುಂಚೆ ನಮ್ಮ ಹಟ್ಟಿಗೆ ಬಂದಿದ್ದರು. ಅವ್ವ ಕರಿ ಕಂಬಳಿ ಹಾಸಿ ಕೂರಿಸಿದಳು, ರೊಟ್ಟಿ ತಟ್ಟಿದಳು. ಸೀರೆಯ ಸೆರಗನ್ನು ಮುಟ್ಟಿ ನೋಡಿ, "ಜರಿ ಮೇಡಮ್ಮ ಅಂತಾರೆ, ಮೈಮ್ಯಾಲೆ ಒಂದೆಳೆ ಜರಿ ಇಲ್ವಲ್ಲ ತಾಯಿ" ಅಂತ ಕಣ್ಣಲ್ಲಿ ನೀರು ತಂದುಕೊಂಡಳು. ಮೇಡಂ ಸಂಜೆಯವರೆಗೂ ಆ ಮಾತಿಗೆ ನಗುತ್ತಿದ್ದರು.

ಎಪ್ಪತ್ತೇಳರಲ್ಲಿ ನನ್ನ ಕೊನೆಯ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ. ಹೊರಗಿನಿಂದ ಬಂದ ಎಕ್ಸಾಮಿನರು ಯಾರು ಅಂತೀರಿ? ಅದೇ ಪ್ರೊಫೆಸರು. ವೈವಾದಲ್ಲಿ ನನ್ನ ಮುಂದೆ ಒಂದು ಜರಿ ಎಲೆ ಮಗುಚಿ ಇಟ್ಟು, ಚುಕ್ಕೆ ತೋರಿಸಿ ಏನಿದು ಅಂದರು. ಹೇಳಿದೆ. ಅವರಿಗೆ ಏನೋ ನೆನಪಾಗಿ ಪಕ್ಕದಲ್ಲಿದ್ದ ನಮ್ಮ ಲೆಕ್ಚರರ ಕಡೆ ತಿರುಗಿ ನಕ್ಕರು. "ನಿಮ್ಮ ಕಾಲೇಜಿನಲ್ಲಿ ಒಬ್ಬ ಡೆಮಾನ್‌ಸ್ಟ್ರೇಟರ್ ಇದ್ದರಲ್ರೀ. ಇದನ್ನ ಹುಳ ಅಂತ ತಿಳಿದು ಕೆರೆದುಹಾಕಿ ನನಗೆ ಬೋಳು ಎಲೆ ಕಳಿಸಿದ್ದರು! ಹುಳವೆಂದು ತಪ್ಪಾಗಿ ತಿಳಿದು ತೆಗೆಯಲಾಯಿತು, ತಪ್ಪು ನನ್ನದೇ ಅಂತ ಕಾಗದ ಬೇರೆ. ಎಂ.ಎಸ್ಸಿ. ಮಾಡಿದವರು! ಅಂಥವರಿಗೆ ಸೀಟು ಹೇಗೆ ಕೊಡೋದು?"

ಲೆಕ್ಚರರೂ ನಕ್ಕರು.

ಅಲ್ಲಿ ನಾನು ಸುಮ್ಮನಿರಬೇಕಿತ್ತು ಅಂತ ಇವತ್ತಿಗೂ ಕೆಲವರು ಅನ್ನುತ್ತಾರೆ. ಎದುರಿಗೆ ಕೂತವರ ಕೈಯಲ್ಲಿ ನನ್ನ ಡಿಗ್ರಿ ಇತ್ತು. ಮೂವತ್ತು ಮನೆಯ ಹಟ್ಟಿ ಆ ಡಿಗ್ರಿಗೆ ಕಾದು ಕೂತಿತ್ತು. ಆದರೂ ಮಾತು ಹೊರಗೆ ಬಂತು.

"ಸಾರ್, ಅದು ಅವರಲ್ಲ. ಕೆರೆದೋಳು ನಾನು."

ಪ್ರೊಫೆಸರು ಕನ್ನಡಕ ತೆಗೆದರು. "ನೀನಾ? ಆಗ ಯಾವ ಇಯರ್ ನೀನು?"

"ಫಸ್ಟ್ ಇಯರ್ ಸಾರ್. ನಾವು ಕುರಿ ಸಾಕೋರು. ಉಣ್ಣಿ ಅನ್ಕಂಡೆ."

ಅವರು ನಗಲಿಲ್ಲ. ಎಲೆಯನ್ನು ಪಕ್ಕಕ್ಕೆ ಸರಿಸಿದರು. "ಹಾಗಂತ ಆಕೆ ಬರೆದಿದ್ದರೆ ಮಾತೇ ಬೇರೆ ಇತ್ತು. ಯಾಕೆ ಬರೆಯಲಿಲ್ಲ?" ಅಂದರು. ಗೊತ್ತಿಲ್ಲ ಸಾರ್ ಅಂದೆ. ಇನ್ನೊಂದು ಎಲೆ ಸಿಕ್ಕರೆ ನೇರ ತಮಗೇ ಕಳಿಸಲು ಹೇಳು, ಸೀಟಿನ ವಿಷಯ ಆಮೇಲೆ ನೋಡೋಣ ಅಂತ ಹೇಳಿ ಮುಂದಿನ ನಂಬರು ಕೂಗಿದರು.

ಇದನ್ನು ಕಾಗದದಲ್ಲಿ ಬರೆಯಲು ಮನಸ್ಸು ಬರಲಿಲ್ಲ. ರಿಸಲ್ಟು ಬಂದ ಮೇಲೆ ಮಾರ್ಕ್ಸ್ ಕಾರ್ಡು ಹಿಡಿದುಕೊಂಡು ಹೊಸದುರ್ಗದ ಬಸ್ಸು ಹತ್ತಿದೆ. ಫಸ್ಟ್ ಕ್ಲಾಸ್ ಬಂದಿತ್ತು. ಸ್ಕೂಲಿನ ಜಗಲಿಯಲ್ಲಿ ಮೇಡಂ ನನ್ನನ್ನು ಕಂಡವರೇ ಎರಡು ಕೈಯಲ್ಲಿ ನನ್ನ ಮುಖ ಹಿಡಿದುಕೊಂಡರು. ಅಲ್ಲೇ ನಿಂತು ಪರೀಕ್ಷೆಯ ಕೋಣೆಯಲ್ಲಿ ಆದದ್ದೆಲ್ಲ ಹೇಳಿದೆ. ಸಂತೋಷಪಡುತ್ತಾರೆ ಅಂತ ನಾನು ತಿಳಿದಿದ್ದೆ. ಕೈ ಬಿಟ್ಟು ಹಿಂದೆ ಸರಿದರು. ಅವರಿಗೆ ಅಷ್ಟು ಸಿಟ್ಟು ಬಂದಿದ್ದು ನಾನು ಕಂಡಿರಲೇ ಇಲ್ಲ.

"ಹುಚ್ಚಿ! ವೈವಾದಾಗೆ ಹೋಗಿ ಅದನ್ನ ಹೇಳಿದ್ಯಾ? ನಿನ್ನ ಹೆಸ್ರು ನಾನ್ಯಾಕೆ ಬರೀಲಿಲ್ಲ ಅನ್ಕಂಡಿದೀಯ? ವರ್ಷ ವರ್ಷ ಎಕ್ಸಾಮಿನರಾಗಿ ಬರೋದು ಆ ಮನುಷ್ಯನೇ ಕಣೇ. ಕೆರೆದೋಳು ಇಂಥೋಳು ಅಂತ ಬರೆದಿದ್ರೆ, ಅವರು ನೆನಪಿಟ್ಕಂಡಿದ್ರೆ, ನಿನ್ನ ಗತಿ ಏನಾಗ್ತಿತ್ತು? ನಂಗೆ ಒಂದು ಕೂಲಿ ಹೆಂಗೋ ಸಿಗುತ್ತೆ. ನಿಂಗೆ ಡಿಗ್ರಿ ಹೋದ್ರೆ ಹಟ್ಟಿಗೆ ವಾಪಸ್ಸು."

"ಇನ್ನೊಂದು ಎಲೆ ಸಿಕ್ರೆ ಸೀಟಿನ ವಿಷ್ಯ..." ಅಂತ ನಾನು ಶುರು ಮಾಡಿದೆ.

"ಎರಡು ಸಲ ಹೋಗಿ ಬಂದೆ. ಸುಣ್ಣ ಹಂಗೇ ಐತೆ. ಅದು ಬಿಡು. ಬಾಟನಿ ಪ್ರಾಕ್ಟಿಕಲ್ ಎಷ್ಟು ಬಂತು?"

"ಐವತ್ತಕ್ಕೆ ನಲವತ್ತೇಳು."

ಮಾರ್ಕ್ಸ್ ಕಾರ್ಡನ್ನು ಕೈಗೆ ತೆಗೆದುಕೊಂಡು ಆ ಸಾಲಿನ ಮೇಲೆ ಬೆರಳಿಟ್ಟು ನೋಡಿದರು. ಸಿಟ್ಟು ಇಳಿದಿತ್ತು. "ಆ ಮೂರು ನನ್ನಿಂದ ಹೋದ್ವು" ಅಂದರು. ಗಂಟೆ ಹೊಡೆಯಿತು. ಕಾರ್ಡನ್ನು ನನ್ನ ಕೈಗಿಟ್ಟು, ಸೆರಗಿನಿಂದ ಮುಖ ಒರೆಸಿಕೊಂಡು ಎಂಟನೇ ಕ್ಲಾಸಿನ ಒಳಗೆ ಹೋದರು. ಮಕ್ಕಳಿಗೆ "ಕುಂತ್ಕಳ್ರಿ" ಅಂದಿದ್ದು ಕೇಳಿಸಿತು. ನನ್ನ ಬಸ್ಸಿಗೆ ಹೊತ್ತಾಗಿತ್ತು. ನಾನು ಹೊರಟುಬಿಟ್ಟೆ.

ಎರಡು ವರ್ಷದಲ್ಲಿ ಅವರಿಗೆ ದೂರ ರಾಯಚೂರಿನ ಕಡೆ ವರ್ಗ ಆಯಿತು. ನನಗೆ ಕೆಲಸ, ಮದುವೆ, ಮಕ್ಕಳು. ಬರೆದ ಕಾಗದ ಒಂದು ವಿಳಾಸ ಸಿಗದೆ ವಾಪಸ್ಸು ಬಂತು. ಆಮೇಲೆ ನಾನು ಹುಡುಕಬೇಕಿತ್ತು, ಹುಡುಕಲಿಲ್ಲ. ಅವರು ಯಾವಾಗಲೋ ಹೊಸದುರ್ಗಕ್ಕೇ ವಾಪಸ್ಸು ಬಂದು, ನನ್ನಿಂದ ಬಸ್ಸಿಗೆ ಎರಡು ಗಂಟೆ ದೂರದಲ್ಲಿ ಇಷ್ಟು ಕಾಲ ಇದ್ದರು ಅನ್ನುವುದನ್ನು ಊಟದ ಸಾಲಿನ ಆ ಹೆಂಗಸು ಹೇಳಬೇಕಾಯಿತು.

ಆ ಮೂರು ನಿಮ್ಮಿಂದ ಹೋಗಲಿಲ್ಲ ಮೇಡಂ. ಅವತ್ತು ಕಾಂಡವನ್ನು ತೆಳ್ಳಗೆ ಸೆಕ್ಷನ್ ಕೊಯ್ಯುವಾಗ ನನ್ನ ಬ್ಲೇಡು ಮೊಂಡಾಗಿತ್ತು. ಸೆಕ್ಷನ್ ದಪ್ಪ ಬಂತು, ಪ್ರೊಫೆಸರು ನೋಡಿದ ಕೂಡಲೇ ಮೂರು ಕಳೆದರು, ವೈವಾಕ್ಕಿಂತ ಮುಂಚೆಯೇ. ನಾನು ಕಣ್ಣಾರೆ ನೋಡಿದ್ದೆ. ಜಗಲಿಯಲ್ಲಿ ಹೇಳಬೇಕು ಅಂತ ಬಾಯಿ ತೆಗೆದೆ, ನೀವು ಒಳಗೆ ಹೋಗಿಬಿಟ್ಟಿದ್ದಿರಿ.